ಹಿಂಗಾಲಿನ ಲೆಕ್ಕ

ಮೇ ತಿಂಗಳ ಎರಡನೇ ವಾರ
ಬ್ರೂನಾ ಊಟ ಬಿಟ್ಟಳು.
ಸೀಗಡಿ ಹಾಕಿದೆ, ಮೂಸಲಿಲ್ಲ.
ಲೆಟಿಸ್ ಎಲೆ ಎರಡು ದಿನ ತೇಲಿ ಕೊಳೆಯಿತು.
ರಾತ್ರಿಯಿಡೀ ಗಾಜಿಗೆ ಉಗುರು:
ಕರ್, ಕರ್, ಕರ್,
ನಮ್ಮ ಮೂರನೇ ಮಹಡಿಯಲ್ಲಿ ಕಳ್ಳನೊಬ್ಬ
ಒಳಗಿನಿಂದ ಹೊರಕ್ಕೆ ಕನ್ನ ಕೊರೆಯುವ ಹಾಗೆ.

"ಸಮುದ್ರದ ವಾಸನೆ ಬಡಿದಿದೆ ಅವಳಿಗೆ," ಅಂದೆ.
ತ್ರಿಯೆಸ್ತೆಯಲ್ಲಿ ಯಾರಿಗೆ ಬಡಿದಿಲ್ಲ?
"ಸಿಹಿನೀರಿನ ಆಮೆ ಅದು, ಲೀವಿಯೊ.
ಅದಕ್ಕೂ ನಿನ್ನ ಬಂದರಿಗೂ ಏನು ನಂಟು?"
ಅಂದಳು ನೀವೆಸ್, ಕಾಫಿ ಕಪ್ಪು ತೊಳೆಯುತ್ತ.

ಅವಳು ನೋಡಿದ್ದೇ ಬೇರೆ.
ಬಿಸಿಲು ಕಾಯಲು ಇಟ್ಟ ಕಲ್ಲು ಹತ್ತಿ ಬ್ರೂನಾ
ಒಂದಾದ ಮೇಲೊಂದು ಹಿಂಗಾಲಿನಲ್ಲಿ
ಕಲ್ಲನ್ನೇ ಅಗೆಯುತ್ತಿದ್ದಳು.
ಇಲ್ಲದ ಮಣ್ಣು ಎಳೆದೆಳೆದು
ಇಲ್ಲದ ಗುಡ್ಡೆ ಹಾಕುತ್ತಿದ್ದಳು.
"ಕಾಯಿಲೆಯಲ್ಲ ಇದು. ದಿನ ತುಂಬಿದೆ."

ಗಂಡೇ ಇಲ್ಲದೆ?
ಒಂಬತ್ತು ವರ್ಷ ಒಂಟಿ ತೊಟ್ಟಿಯಲ್ಲಿ?

ಡಾಕ್ಟರ್ ಕೊಶುತಾ ಎಕ್ಸ್‌ರೇ ಬೆಳಕಿಗೆ ಹಿಡಿದರು.
ಚಿಪ್ಪಿನೊಳಗೆ ಬೆಳ್ಳನೆ ಮೊಟ್ಟೆಗಳು,
ಒಂದರ ಹೆಗಲಿಗೊಂದು ಒರಗಿ.
ಎಣಿಸಿದೆ. ಆರು.
"ಗಂಡಿಲ್ಲದಿದ್ದರೂ ಇಡುತ್ತವೆ, ಕೋಳಿಯ ಹಾಗೆ.
ಜಾಗ ಸಿಗದಿದ್ದರೆ ಒಳಗೇ ತಡೆದುಕೊಳ್ಳುತ್ತವೆ.
ತಡೆದುಕೊಂಡರೆ ಸಾಯುತ್ತವೆ."
ಮಾತಿಗೆ ಸಕ್ಕರೆ ಹಾಕುವವರಲ್ಲ ಆಕೆ.

ಪೆಟ್ಟಿಗೆ ನನ್ನ ಪಾಲಿಗೆ ಬಂತು.
ಚಳಿಗಾಲದ ಕಂಬಳಿ ಇಡುತ್ತಿದ್ದ ಪ್ಲಾಸ್ಟಿಕ್ ಡಬ್ಬ,
ಅರ್ಧ ಮರಳು, ಅರ್ಧ ಗೊಬ್ಬರ ಸೋಕದ ಮಣ್ಣು.
ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು,
ನೀರು ತೊಟ್ಟಿಕ್ಕಬಾರದು.
ಆಳ ಅವಳ ಚಿಪ್ಪಿನಷ್ಟು, ಮೇಲೊಂದು ಬೆಚ್ಚನೆ ದೀಪ.
ಕಾರ್ಸೋ ಗುಡ್ಡದಿಂದ ಕೆಂಪು ಮಣ್ಣು ಹೊತ್ತು ತಂದೆ,
ಮೆಟ್ಟಿಲ ಮೇಲೆ ಉದುರಿದ್ದಕ್ಕೆ
ಕೆಳಮನೆಯ ಓನ್ದಿನಾ ಇನ್ನೂ ಮಾತು ಬಿಟ್ಟಿದ್ದಾಳೆ.

ಡಾಕ್ಟರ ಕೊನೆಯ ಮಾತು: "ನೋಡಬೇಡಿ."
ಅದೇ ಕಷ್ಟ.
ಮೂವತ್ತೊಂದು ವರ್ಷ ಕ್ರೇನಿನ ಮೇಲೆ ಕೂತವನು ನಾನು,
ಕಾಫಿ ಮೂಟೆಗಳನ್ನು ಹಡಗಿನಿಂದ
ಕಣ್ಣಲ್ಲಿ ಕಣ್ಣಿಟ್ಟು ಇಳಿಸಿದವನು.
ನೋಡದೆ ಇಳಿಸಿದ್ದು ಒಂದೇ ಸಲ,
ಆ ಕಥೆ ಈಗ ಬೇಡ.

ಮೊದಲ ದಿನ ಮೂಲೆ ಮೂಲೆ ಸುತ್ತಿ
ಮಣ್ಣಿಗೆ ಮೂಗೊತ್ತಿ ವಾಪಸ್ಸು.
ಎರಡನೇ ದಿನ ಅರ್ಧ ತೋಡಿ ಬಿಟ್ಟಳು.
ಮೂರನೇ ರಾತ್ರಿ, ಅಕಾಲದ ಬೋರಾ ಗಾಳಿಗೆ
ಕಿಟಕಿಗಳು ಹಲ್ಲು ಕಡಿಯುತ್ತಿದ್ದಾಗ,
ಬಾಗಿಲ ಸಂದಿಯಿಂದ
ಹೌದು, ನೋಡಿದೆ.
ಮಂಡಿಯೂರಿ, ಉಸಿರು ಬಿಗಿಹಿಡಿದು.

ತಲೆ ಗೋಡೆಯ ಕಡೆ.
ಮಣ್ಣಿಗೆ ತಾನೇ ನೀರು ಬಿಟ್ಟು ಮೆತ್ತಗಾಗಿಸಿ
ಹಿಂಗಾಲಿನ ಒಂದು ಬೊಗಸೆ, ಇನ್ನೊಂದು ಬೊಗಸೆ.
ಮೊಟ್ಟೆ ಇಳಿದಾಗಲೆಲ್ಲ
ಪಾದ ಚಾಚಿ, ಅಂಗೈಯಾಗಿಸಿ,
ಬೀಳಗೊಡದೆ ತಳಕ್ಕೆ ಜಾರಿಸಿ
ಮುಂದಿನದಕ್ಕೆ ಜಾಗ ಸರಿಸಿ.
ಒಮ್ಮೆಯೂ ತಿರುಗಲಿಲ್ಲ.
ಕೆಳಗೆ ನಿಂತು ಕೈಸನ್ನೆ ಮಾಡುವ ಹುಡುಗನಿಲ್ಲ.
ಒಂದೂ ಒಡೆಯಲಿಲ್ಲ.
ಆಮೇಲೆ ಮುಚ್ಚಿ, ಹೊಟ್ಟೆಯಿಂದ ತಟ್ಟಿ ಸಮ ಮಾಡಿ
ಏನೂ ಆಗದವಳಂತೆ ನೀರಿನ ಕಡೆ ಹೊರಟಳು.

ಬೆಳಿಗ್ಗೆ ಸೂಪಿನ ಚಮಚದಲ್ಲಿ ಅಗೆದೆವು.
ಬರಿಯ ಮೊಟ್ಟೆ, ಮರಿಯಾಗದು, ಬಿಟ್ಟರೆ ನಾರುತ್ತದೆ.
ನೀವೆಸ್ ಹಾಸಿದ ಪೇಪರಿನ ಮೇಲೆ
ಐದು.
ಮತ್ತೆ ಅಗೆದೆ. ಐದೇ.
"ಎರಡು ದಿನ ಕಾಯಿರಿ, ಆಮೇಲೆ ಕರೆತನ್ನಿ."
ಎರಡು ರಾತ್ರಿ
ಕರ್ ಕರ್ ಕೇಳಿಬಿಟ್ಟೀತೆಂದು ಕಿವಿಗೊಟ್ಟು ಮಲಗಿದೆ.

ಆರನೆಯದು ಫಿಲ್ಟರಿನಲ್ಲಿ ಸಿಕ್ಕಿತು,
ಉಗುರಿನಷ್ಟು ತೊಗಟೆ.
ನೀರಲ್ಲೇ ಇಟ್ಟು ತಾನೇ ತಿಂದಿದ್ದಳು.
"ಮೈಗೆ ಸುಣ್ಣ ಬೇಕಿತ್ತು," ಅಂದಳು ನೀವೆಸ್,
ಮೀನು ಮಾರುಕಟ್ಟೆಯಿಂದ ತಂದ
ಕಟ್ಲ್‌ಫಿಶ್ ಮೂಳೆ ನೀರಿಗೆ ಬಿಡುತ್ತ.
ಬ್ರೂನಾ ಸೀಗಡಿಗೆ ಬಾಯಿ ಹಾಕಿದಳು,
ನನ್ನ ಬೆರಳಿಗೂ.

ಪೆಟ್ಟಿಗೆ ಈಗ ಮಂಚದ ಕೆಳಗೆ.
ಮುಚ್ಚಳದ ಮೇಲೆ ನೀವೆಸಳ ದುಂಡಕ್ಷರ:
ಲೀವಿಯೊ, ಮಣ್ಣು ಎಸೆಯಬೇಡ.
ಜೂನಿನಲ್ಲಿ ಮತ್ತೆ ಇಡಬಹುದು.